‘ಡ್ರೈ’ ಎಂದರೆ ನಿರಪಾಯ ಎಂದಲ್ಲ

ಓದಿಗೋ ಕೆಲಸಕ್ಕೋ ಮಕ್ಕಳು ಜರ್ಮನಿಗೆ ಹೋಗಿರುವ ಮನೆಗಳು ಈಗ ನಮ್ಮಲ್ಲಿ ಅಪರೂಪವಲ್ಲ. ಅವರನ್ನು ನೋಡಲು ಹೊರಟ ತಂದೆತಾಯಿಯರು ಕೇಳುವ ಪ್ರಶ್ನೆ ಒಂದುಂಟು: ‘ಅಲ್ಲಿ ಊಟದ ಜೊತೆ ಬಿಳಿ ವೈನ್ ಕೊಡುತ್ತಾರಂತೆ. ಡ್ರೈ ವೈನ್‌ನಲ್ಲಿ ಸಕ್ಕರೆ ಇರುವುದಿಲ್ಲವಂತೆ. ಸಕ್ಕರೆ ಕಾಯಿಲೆಯವರು ಒಂದು ಗ್ಲಾಸ್ ಕುಡಿದರೆ ತೊಂದರೆಯೇ ಡಾಕ್ಟರೇ?’

ಸಕ್ಕರೆ ಕಡಿಮೆ ಎಂಬುದು ನಿಜ. ಬಾಟಲಿಯ ಮೇಲೆ ‘ಟ್ರೊಕನ್’ ಎಂದಿದ್ದರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ ಸಕ್ಕರೆ. ‘ಹಾಲ್ಬ್‌ಟ್ರೊಕನ್’ ಎಂದಿದ್ದರೆ 18 ಗ್ರಾಂವರೆಗೂ ಇರಬಹುದು. 150 ಮಿ.ಲೀ. ಡ್ರೈ ವೈನ್‌ನಲ್ಲಿ ಒಂದೂವರೆ ಗ್ರಾಂ ಸಕ್ಕರೆಯೂ ಇರುವುದಿಲ್ಲ. ಆದರೆ ದ್ರಾಕ್ಷಿಯ ಸಕ್ಕರೆ ಎಲ್ಲಿ ಹೋಯಿತು? ಯೀಸ್ಟ್ ಅದನ್ನು ಮದ್ಯಸಾರವಾಗಿ ಮಾರ್ಪಡಿಸಿತು. ಶೇ. 12ರ ವೈನ್ ಆದರೆ ಅದೇ ಗ್ಲಾಸಿನಲ್ಲಿ ಸುಮಾರು 14 ಗ್ರಾಂ ಮದ್ಯಸಾರ, ಅಂದರೆ ಸುಮಾರು 100 ಕ್ಯಾಲೊರಿ ಇರುತ್ತದೆ.

ಜರ್ಮನರು ಇದನ್ನು ಊಟದೊಂದಿಗೇ ಕುಡಿಯುವುದರಲ್ಲಿ ಅರ್ಥವಿದೆ. ಮೋಸೆಲ್, ರೈನ್‌ಗೌ ಪ್ರದೇಶಗಳ ರೀಸ್ಲಿಂಗ್ ವೈನ್ ಹುಳಿ. ಬೆಣ್ಣೆಯಲ್ಲಿ ಬೇಯಿಸಿದ ಮೀನಿಗೆ ನಾವು ನಿಂಬೆ ಹಿಂಡಿದ ಹಾಗೆ ಅದು ಜಿಡ್ಡನ್ನು ಮುರಿಯುತ್ತದೆ. ವಸಂತದಿಂದ ಜೂನ್ 24ರವರೆಗೆ ಅಲ್ಲಿ ಬಿಳಿ ಆಸ್ಪರಾಗಸ್ ಕಾಲ. ಬೇಯಿಸಿದ ಆಲೂಗಡ್ಡೆ, ಬೆಣ್ಣೆಯೊಂದಿಗೆ ಅದನ್ನು ತಿನ್ನುವಾಗ ಫ್ರಾಂಕನ್ ಪ್ರದೇಶದ ಸಿಲ್ವಾನರ್ ವೈನ್ ಒಪ್ಪುತ್ತದೆ ಎನ್ನುತ್ತಾರೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯಸಾರ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಆದರೆ ಸೇರದೆ ಬಿಡುವುದಿಲ್ಲ.

ಮಧುಮೇಹಿಗಳಿಗೆ ಅಪಾಯವಿರುವುದು ಇಲ್ಲಿಯೇ. ಊಟವಾಗಿ ಕೆಲವು ಗಂಟೆಗಳ ನಂತರ ರಕ್ತಕ್ಕೆ ಬೇಕಾದ ಗ್ಲೂಕೋಸನ್ನು ಯಕೃತ್ತು ಒದಗಿಸಬೇಕು. ಮದ್ಯಸಾರ ಆ ಕೆಲಸಕ್ಕೆ ಅಡ್ಡಿಪಡಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮಧ್ಯರಾತ್ರಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ತೊದಲು ಮಾತು ಕಂಡಾಗ ಮನೆಯವರು ‘ಅಮಲೇರಿದೆ, ಮಲಗಲಿ’ ಎಂದು ಸುಮ್ಮನಾದರೆ ಪ್ರಾಣಕ್ಕೇ ಸಂಚಕಾರ. ಅಂಥ ಸಂದರ್ಭದಲ್ಲಿ ಸಕ್ಕರೆ ಪರೀಕ್ಷಿಸಿ. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿ. ಮೆಟ್‌ಫಾರ್ಮಿನ್ ಸೇವಿಸುವವರು ಅತಿಯಾಗಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವೂ ಇದೆ.

‘ವೈನ್ ಹೃದಯಕ್ಕೆ ಒಳ್ಳೆಯದಲ್ಲವೇ?’ ಎಂಬ ಮಾತು ಹಳೆಯದು. ಮದ್ಯವು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ವರ್ಗೀಕರಿಸಿತು. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮದ್ಯ ಬೇಡವೆಂದು ಜರ್ಮನ್ ಪೌಷ್ಟಿಕಾಂಶ ಸಂಘವೇ 2024ರಲ್ಲಿ ಸಲಹೆ ಮಾಡಿತು.

ನನ್ನ ಅಭಿಪ್ರಾಯ ಇಷ್ಟೇ. ಕುಡಿಯುವ ಅಭ್ಯಾಸವಿಲ್ಲದವರು ಆರೋಗ್ಯದ ಹೆಸರಿನಲ್ಲಾಗಲಿ, ಆತಿಥ್ಯದ ದಾಕ್ಷಿಣ್ಯಕ್ಕಾಗಲಿ ಆರಂಭಿಸುವುದು ಬೇಡ. ಕುಡಿಯುವವರು ಅದನ್ನು ತಮ್ಮ ವೈದ್ಯರಿಂದ ಮುಚ್ಚಿಡಬಾರದು. ಖಾಲಿ ಹೊಟ್ಟೆಯಲ್ಲಿ ಕುಡಿಯಬಾರದು. ಮಲಗುವ ಮುನ್ನ ಸಕ್ಕರೆ ನೋಡಿಕೊಳ್ಳಬೇಕು. ಆ ಊರಿನ ಮೀನು, ಆಸ್ಪರಾಗಸ್, ಆಲೂಗಡ್ಡೆಗಳನ್ನು ಧಾರಾಳವಾಗಿ ಸವಿಯಿರಿ, ಆಲೂಗಡ್ಡೆ ಮಾತ್ರ ಮಿತವಾಗಿರಲಿ. ಜಿಡ್ಡು ಮುರಿಯಲು ನಿಂಬೆ ಹಿಂಡಿದ ಸೋಡಾ ಸಾಕು.