ನೈಲ್ ನದಿಯ ದಾರಿ: ಜಲಮಾರ್ಗವೋ, ನೆಲಮಾರ್ಗವೋ?



ಧಾರವಾಡ ಜಿಲ್ಲೆಯ ಓದುಗರೊಬ್ಬರಿಂದ ಈ ಸಲ ಬಂದಿರುವ ಕಾಗದ ದೀರ್ಘವಾಗಿದೆ. ಅವರ ತಂದೆಯವರು ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಪಿರಮಿಡ್ಡುಗಳನ್ನೂ ನೈಲ್ ದಂಡೆಯ ದೇವಾಲಯಗಳನ್ನೂ ಕಣ್ಣಾರೆ ಕಾಣಬೇಕೆಂಬುದು ಅವರ ಬಹುಕಾಲದ ಬಯಕೆ. ತಾಯಿಯವರಿಗೆ ಮೊಣಕಾಲುನೋವು. ಮಗನಿಗೆ ದೊರೆಯುವ ರಜೆಯಲ್ಲಿ ಈಜಿಪ್ಟಿನಲ್ಲಿ ಕಳೆಯಲು ಹತ್ತು ದಿನಗಳಿವೆ. “ಇಷ್ಟು ಹಣ ಒಮ್ಮೆ ಮಾತ್ರ ಕೂಡಿಬರುತ್ತದೆ, ಎರಡನೆಯ ಸಲ ಹೋಗುವ ಮಾತಿಲ್ಲ. ಹಡಗಿನಲ್ಲಿ ಹೋಗುವುದು ಲೇಸೋ, ಕಾರಿನಲ್ಲಿ ಹೋಗುವುದು ಲೇಸೋ?” ಎಂದು ಕೇಳಿದ್ದಾರೆ. ಇದೇ ಯೋಚನೆಯುಳ್ಳ ಮನೆಗಳು ನಮ್ಮಲ್ಲಿ ಇನ್ನೂ ಹಲವು ಇರಬಹುದಾದ್ದರಿಂದ ಉತ್ತರವನ್ನು ಇಲ್ಲಿಯೇ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ನದಿಯ ಸ್ವಭಾವವನ್ನು ಅರಿಯಬೇಕು. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿದು ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ಆದುದರಿಂದ ಆ ನಾಡಿನಲ್ಲಿ ದಕ್ಷಿಣ ಭಾಗಕ್ಕೆ ‘ಮೇಲಿನ ಈಜಿಪ್ಟ್’ ಎಂದೂ ಉತ್ತರ ಭಾಗಕ್ಕೆ ‘ಕೆಳಗಿನ ಈಜಿಪ್ಟ್’ ಎಂದೂ ಹೆಸರು. ಭೂಪಟವನ್ನು ಗೋಡೆಗೆ ತೂಗಿಸಿ ನೋಡುವ ನಮಗೆ ಇದು ತಲೆಕೆಳಗಾಗಿ ತೋರಿದರೂ ನೀರಿನ ಹರಿವಿಗೆ ಅದು ಸರಿಯಾಗಿಯೇ ಇದೆ. ವರ್ಷದ ಬಹುಭಾಗ ಅಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಹೊಳೆ ಒಂದು ದಿಕ್ಕಿಗೆ, ಗಾಳಿ ಅದರ ಎದುರು ದಿಕ್ಕಿಗೆ. ಹೀಗಾಗಿ ಹಾಯಿ ಬಿಚ್ಚಿದರೆ ದಕ್ಷಿಣಕ್ಕೆ ಏರಬಹುದು, ಹಾಯಿ ಮಡಚಿದರೆ ಉತ್ತರಕ್ಕೆ ಇಳಿಯಬಹುದು. ಪ್ರಾಚೀನರ ಚಿತ್ರಲಿಪಿಯಲ್ಲಿ ದಕ್ಷಿಣದ ಪ್ರಯಾಣಕ್ಕೆ ಹಾಯಿ ಬಿಚ್ಚಿದ ದೋಣಿಯೂ ಉತ್ತರದ ಪ್ರಯಾಣಕ್ಕೆ ಹಾಯಿಯಿಲ್ಲದ ದೋಣಿಯೂ ಗುರುತಾಗಿದ್ದವು. ಇಂತಹ ಅನುಕೂಲವಿದ್ದುದರಿಂದಲೇ ಆ ಜನರ ನಗರಗಳು, ದೇವಾಲಯಗಳು, ಕಲ್ಲಿನ ಗಣಿಗಳು ಎಲ್ಲವೂ ದಂಡೆಯ ಉದ್ದಕ್ಕೆ ದಾರದಲ್ಲಿ ಪೋಣಿಸಿದಂತೆ ನಿಂತಿವೆ. ಅವುಗಳನ್ನು ನೋಡಹೊರಟವರು ನದಿಯಲ್ಲಿಯೇ ಹೋಗಲಿ, ನದಿಯ ಪಕ್ಕದ ರಸ್ತೆಯಲ್ಲಿಯೇ ಹೋಗಲಿ, ಕ್ರಮ ಒಂದೇ.

ಇನ್ನು ದೂರಗಳ ಲೆಕ್ಕ. ಕೈರೋದಿಂದ ಲಕ್ಸರ್ ನಗರಕ್ಕೆ ಸುಮಾರು 650 ಕಿಲೋಮೀಟರು. ವಿಮಾನದಲ್ಲಿ ಒಂದು ಗಂಟೆ, ರೈಲಿನಲ್ಲಿ ಒಂದು ರಾತ್ರಿ. ಈ ಭಾಗವನ್ನು ದೋಣಿಯಲ್ಲಾಗಲಿ ಕಾರಿನಲ್ಲಾಗಲಿ ಕ್ರಮಿಸುವುದು ಹತ್ತು ದಿನಗಳಲ್ಲಿ ಹೊಂದುವುದಿಲ್ಲ. ಯಾತ್ರೆಯ ತಿರುಳು ಇರುವುದು ಲಕ್ಸರಿನಿಂದ ಆಸ್ವಾನಿನವರೆಗಿನ ಸುಮಾರು 215 ಕಿಲೋಮೀಟರುಗಳಲ್ಲಿ. ದಾರಿಯಲ್ಲಿ ಎಸ್ನಾ, ಎಡ್ಫು, ಕೋಮ್ ಓಂಬೊ ಎಂಬ ಮೂರು ದೇವಾಲಯಗಳ ಊರುಗಳು ಬರುತ್ತವೆ. ಆಸ್ವಾನಿನಿಂದ ಮರುಭೂಮಿಯ ರಸ್ತೆಯಲ್ಲಿ ಇನ್ನೂ ಸುಮಾರು 280 ಕಿಲೋಮೀಟರು ಹೋದರೆ ಅಬು ಸಿಂಬೆಲ್.

ಈ ದಾರಿಯಲ್ಲಿ ಜಲಮಾರ್ಗಕ್ಕೆ ಮೂರು ಬಗೆಯ ವಾಹನಗಳುಂಟು. ಮೊದಲನೆಯದು ಹಲವು ಅಂತಸ್ತಿನ ಪ್ರವಾಸಿ ಹಡಗು. ಲಕ್ಸರಿನಿಂದ ಹೊರಟರೆ ನಾಲ್ಕು ರಾತ್ರಿ, ಆಸ್ವಾನಿನಿಂದ ಹೊರಟರೆ ಮೂರು ರಾತ್ರಿ ಎಂಬುದು ಇದರ ರೂಢಿ. ಎರಡನೆಯದು ‘ದಹಬಿಯಾ’ ಎಂಬ ಹಾಯಿಯುಳ್ಳ ಸಣ್ಣ ನಾವೆ. ಹತ್ತಾರು ಮಂದಿಗೆ ಮಾತ್ರ ಸ್ಥಳ. ಸಾಮಾನ್ಯವಾಗಿ ಎಸ್ನಾದಿಂದ ಹೊರಟು ನಾಲ್ಕೈದು ದಿನಗಳಲ್ಲಿ ಆಸ್ವಾನ್ ಮುಟ್ಟುತ್ತದೆ. ದೊಡ್ಡ ಹಡಗು ನಿಲ್ಲದ ಗೆಬೆಲ್ ಸಿಲ್ಸಿಲಾದಂತಹ ಸ್ಥಳದಲ್ಲಿ ಇದು ನಿಲ್ಲುತ್ತದೆ. ದೇವಾಲಯಗಳಿಗೆ ಮರಳುಗಲ್ಲನ್ನು ಕಡಿದು ಒಯ್ದ ಗಣಿ ಅದು. ವೆಚ್ಚ ಮಾತ್ರ ಹೆಚ್ಚು. ಮೂರನೆಯದು ‘ಫೆಲುಕಾ’ ಎಂಬ ತೆರೆದ ಹಾಯಿದೋಣಿ. ರಾತ್ರಿ ಹಾಸಿಗೆ ಹಾಸಿ ಬಯಲಲ್ಲೇ ಮಲಗಬೇಕು, ಶೌಚಕ್ಕೆ ದಂಡೆಗೇ ಇಳಿಯಬೇಕು. ಹರೆಯದವರಿಗೆ ಇದು ಸೊಗಸು. ಹಿರಿಯರಿಗೆ ಸಂಜೆಯ ಒಂದು ಗಂಟೆಯ ವಿಹಾರಕ್ಕೆ ಸಾಕು.

ಹಡಗಿನ ನಾಲ್ಕು ರಾತ್ರಿಗಳೆಂದರೆ ನಾಲ್ಕು ದಿನವೂ ನದಿಯ ಮೇಲೆ ಸಾಗುತ್ತಿರುತ್ತೇವೆಂದು ಭಾವಿಸಬಾರದು. ಒಂದೆರಡು ರಾತ್ರಿ ಲಕ್ಸರಿನ ದಂಡೆಯಲ್ಲಿ, ಒಂದೆರಡು ರಾತ್ರಿ ಆಸ್ವಾನಿನ ದಂಡೆಯಲ್ಲಿ ಅದು ಕಟ್ಟಿಯೇ ಇರುತ್ತದೆ. ಎಸ್ನಾದ ಬ್ಯಾರೇಜಿನ ಬಳಿ ನೀರಿನ ಮಟ್ಟ ಏರಿಸಿ ಹಡಗುಗಳನ್ನು ದಾಟಿಸುವ ದ್ವಾರವುಂಟು. ಅಲ್ಲಿ ಸರದಿಗಾಗಿ ಕಾಯಬೇಕಾಗುವುದೂ ಉಂಟು. ಬಹಳಷ್ಟು ಹಡಗುಗಳು ಎಸ್ನಾದಲ್ಲಿ ದ್ವಾರವನ್ನು ದಾಟುತ್ತವೆಯೇ ಹೊರತು ದೇವಾಲಯಕ್ಕೆ ಪ್ರಯಾಣಿಕರನ್ನು ಇಳಿಸುವುದಿಲ್ಲ. ಈಗಿನ ಬೀದಿಯಿಂದ ಸುಮಾರು ಒಂಬತ್ತು ಮೀಟರು ಕೆಳಗೆ, ಊರಿನ ನಡುವೆ ಇರುವ ಅಲ್ಲಿನ ಖ್ನೂಮ್ ದೇವಾಲಯದಲ್ಲಿ 2018ರಿಂದ ಶತಮಾನಗಳ ಮಸಿಯನ್ನು ಒರೆಸಿ ಮೂಲ ಬಣ್ಣಗಳನ್ನು ಬೆಳಕಿಗೆ ತಂದಿದ್ದಾರೆ. ಅದನ್ನು ನೋಡಬೇಕೆಂದರೆ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ನೆಲಮಾರ್ಗದ ಗುಣ ಸ್ವಾತಂತ್ರ್ಯ. ಲಕ್ಸರಿನಲ್ಲಿ ಚಾಲಕಸಹಿತ ಕಾರು ಗೊತ್ತುಮಾಡಿದರೆ ಎಡ್ಫು, ಕೋಮ್ ಓಂಬೊಗಳನ್ನು ನೋಡುತ್ತ ಒಂದೇ ದಿನದಲ್ಲಿ ಆಸ್ವಾನ್ ಸೇರಬಹುದು; ಎರಡು ದಿನ ಮಾಡಿಕೊಂಡರೆ ಎಸ್ನಾವೂ, ಬಂಡೆಯಲ್ಲಿ ಕೊರೆದ ಸಮಾಧಿಗಳುಳ್ಳ ಎಲ್ ಕಾಬ್ ಕೂಡ ದಕ್ಕುತ್ತವೆ. ಇತಿಹಾಸಾಸಕ್ತರಿಗೆ ಇನ್ನೊಂದು ಲಾಭ ಲಕ್ಸರಿನ ಉತ್ತರಕ್ಕಿದೆ. ಸುಮಾರು 60 ಕಿಲೋಮೀಟರು ದೂರದ ದೆಂದೆರಾದಲ್ಲಿ ಹಾಥೋರ್ ದೇವಿಯ ದೇವಾಲಯವೂ ಸುಮಾರು 160 ಕಿಲೋಮೀಟರು ದೂರದ ಅಬಿಡೋಸಿನಲ್ಲಿ ಒಂದನೆಯ ಸೇತಿ ಅರಸನ ದೇವಾಲಯವೂ ಇವೆ. ಅಬಿಡೋಸಿನ ಗೋಡೆಯ ಮೇಲೆ 76 ಅರಸರ ಹೆಸರುಗಳು ಸಾಲಾಗಿ ಕೊರೆಯಲ್ಪಟ್ಟಿವೆ. ಇತಿಹಾಸದ ಗುರುಗಳಾದ ತಂದೆಯವರು ಆ ಗೋಡೆಯ ಮುಂದೆ ನಿಲ್ಲಬೇಕೆಂದು ಬಯಸಿದರೆ ಒಂದು ಪೂರ್ಣ ದಿನ ಬೇಕು. ಹಡಗಿನಿಂದ ಅದು ಸಾಧ್ಯವಿಲ್ಲ. ಕಾರಿನ ದೋಷವೆಂದರೆ ದಿನದಿನವೂ ಗಂಟುಮೂಟೆ ಕಟ್ಟಿ ಬಿಚ್ಚಬೇಕು, ಬಿಸಿಲಲ್ಲಿ ಗಂಟೆಗಟ್ಟಲೆ ಕುಳಿತಿರಬೇಕು. ರಾತ್ರಿ ಪ್ರಯಾಣವನ್ನು ಖಂಡಿತವಾಗಿ ವರ್ಜಿಸಬೇಕು.

ಈ ಕುಟುಂಬಕ್ಕೆ ನನ್ನ ಅಭಿಪ್ರಾಯ ಹೀಗಿದೆ: ಲಕ್ಸರಿನಿಂದ ಆಸ್ವಾನಿಗೆ ನಾಲ್ಕು ರಾತ್ರಿಯ ಹಡಗು. ಗಂಟನ್ನು ಒಮ್ಮೆ ಬಿಚ್ಚಿದರೆ ಸಾಕು; ತಾಯಿಯವರು ದಣಿದ ದಿನ ಕೋಣೆಯಲ್ಲಿಯೇ ಉಳಿದು ದಂಡೆಯ ಖರ್ಜೂರದ ತೋಪುಗಳನ್ನು ನೋಡುತ್ತ ಕುಳಿತಿರಬಹುದು. ಕಾರಿನಲ್ಲಿ ಒಬ್ಬರು ದಣಿದರೆ ನಾಲ್ವರೂ ನಿಲ್ಲಬೇಕಾಗುತ್ತದೆ.

ದಿನಗಳ ಹಂಚಿಕೆ ಹೀಗಿರಲಿ. ಮೊದಲನೆಯ ದಿನ ಕೈರೋ ತಲುಪಿ ವಿಶ್ರಾಂತಿ. ಎರಡನೆಯ ದಿನ ಬೆಳಿಗ್ಗೆ ಗೀಜಾದ ಪಿರಮಿಡ್ಡುಗಳು, ಮಧ್ಯಾಹ್ನ ಅವುಗಳ ಸಮೀಪದಲ್ಲಿಯೇ 2025ರ ನವೆಂಬರಿನಲ್ಲಿ ವಿಧ್ಯುಕ್ತವಾಗಿ ತೆರೆದ ಮಹಾ ವಸ್ತುಸಂಗ್ರಹಾಲಯ. ಮೂರನೆಯ ದಿನ ವಿಮಾನದಲ್ಲಿ ಲಕ್ಸರ್. ಸಂಜೆ ದೀಪದ ಬೆಳಕಿನಲ್ಲಿ ಲಕ್ಸರ್ ದೇವಾಲಯ. ನಾಲ್ಕನೆಯ ದಿನ 134 ಕಂಬಗಳ ಮಹಾಮಂಟಪವುಳ್ಳ ಕಾರ್ನಾಕ್, ಅನಂತರ ಹಡಗಿನ ಪ್ರವೇಶ. ಐದನೆಯ ದಿನ ನಸುಕಿನಲ್ಲಿಯೇ ಪಶ್ಚಿಮ ದಂಡೆಯ ಅರಸರ ಕಣಿವೆ, ಮಧ್ಯಾಹ್ನ ಪಯಣ. ಆರನೆಯ ದಿನ ಎಡ್ಫು ಮತ್ತು ಕೋಮ್ ಓಂಬೊ. ಏಳನೆಯ ದಿನ ಆಸ್ವಾನ್, ಫಿಲೆಯ ಐಸಿಸ್ ದೇವಾಲಯ. ಎಂಟನೆಯ ದಿನ ಹಡಗಿನಿಂದಿಳಿದು ಹೊಟೇಲಿನಲ್ಲಿ ವಿಶ್ರಾಂತಿ. ಒಂಬತ್ತನೆಯ ದಿನ ಅಬು ಸಿಂಬೆಲ್. ಹತ್ತನೆಯ ದಿನ ಕೈರೋ ಮಾರ್ಗವಾಗಿ ಮರಳುವುದು. ಎಂಟನೆಯ ದಿನದ ವಿಶ್ರಾಂತಿಯನ್ನು ವ್ಯರ್ಥವೆಂದು ಬಗೆದು ಯಾರೂ ತುಂಬಿಸಬಾರದು. ಹಡಗು ತಡವಾದರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ, ಉಳಿದ ಯೋಜನೆಯನ್ನು ಕಾಯುವುದು ಆ ದಿನವೇ. ಅಬಿಡೋಸ್ ಬೇಕೇ ಬೇಕೆನ್ನುವವರು ಒಂದು ದಿನ ಹೆಚ್ಚಿಗೆ ಪಡೆಯಬೇಕು, ಇಲ್ಲವೇ ಅಬು ಸಿಂಬೆಲನ್ನು ಬಿಡಬೇಕು. ತಂದೆಯವರಿಗೆ ಈ ಎರಡರಲ್ಲಿ ಯಾವುದು ಹೆಚ್ಚೆಂಬುದನ್ನು ಟಿಕೀಟು ಕೊಳ್ಳುವ ಮೊದಲೇ ಅವರನ್ನು ಕೇಳಿ ತಿಳಿಯತಕ್ಕದ್ದು.

ಮೊಣಕಾಲಿನ ವಿಷಯದಲ್ಲಿ ಕೆಲವು ಸೂಚನೆಗಳು. ಬಹಳ ಹಡಗುಗಳಲ್ಲಿ ಲಿಫ್ಟ್ ಇರುವುದಿಲ್ಲ. ಊಟದ ಕೋಣೆಗೆ ಸಮೀಪದ ಅಂತಸ್ತಿನಲ್ಲಿ ಕೋಣೆ ಕೇಳಬೇಕು. ದಂಡೆಯಲ್ಲಿ ಹಡಗುಗಳು ಒಂದರ ಪಕ್ಕಕ್ಕೊಂದು ನಿಲ್ಲುವುದರಿಂದ ನೆಲ ಮುಟ್ಟಲು ಮೂರು ನಾಲ್ಕು ಹಡಗುಗಳನ್ನು ದಾಟಬೇಕಾಗಬಹುದು. ಅರಸರ ಕಣಿವೆಯಲ್ಲಿ ಅರುವತ್ತಕ್ಕೂ ಹೆಚ್ಚು ಸಮಾಧಿಗಳಿವೆ. ಸಾಮಾನ್ಯ ಟಿಕೀಟಿನಲ್ಲಿ ಮೂರನ್ನು ನೋಡಬಹುದು. 1922ರಲ್ಲಿ ಹೋವರ್ಡ್ ಕಾರ್ಟರ್ ಕಂಡುಹಿಡಿದ ತೂತನ್‌ಖಾಮನ್ ಸಮಾಧಿಗೆ ಬೇರೆ ಟಿಕೀಟು. ಹಿರಿಯರು ಇಳಿಜಾರು ಮೆದುವಾಗಿರುವ ನಾಲ್ಕನೆಯ ರಾಮ್ಸೆಸನ ಸಮಾಧಿಯನ್ನು ಆರಿಸಿಕೊಳ್ಳಬೇಕು. ಕಡಿದಾದ ಮೆಟ್ಟಿಲುಗಳ ಮೂರನೆಯ ಥುಟ್ಮೋಸನ ಸಮಾಧಿಯನ್ನು ಬಿಡಬೇಕು. ಎಡ್ಫುವಿನಲ್ಲಿ ದಂಡೆಯಿಂದ ಕುದುರೆಗಾಡಿಯ ಬದಲು ಮೋಟಾರನ್ನು ಕೇಳಿದರೆ ಸೊಂಟಕ್ಕೂ ಒಳಿತು, ಬಡಕಲು ಕುದುರೆಗಳಿಗೂ ಒಳಿತು. ಕ್ರಿ.ಪೂ. 237ರಲ್ಲಿ ಆರಂಭವಾಗಿ ಕ್ರಿ.ಪೂ. 57ರಲ್ಲಿ ಮುಗಿದ ಅಲ್ಲಿನ ಹೋರಸ್ ದೇವಾಲಯ ಬಹುಕಾಲ ಮರಳಿನಲ್ಲಿ ಹೂತಿದ್ದುದರಿಂದಲೇ ಹೆಚ್ಚು ಕೆಡದೆ ಉಳಿದಿದೆ. ನೆಲ ಸಮತಟ್ಟಾಗಿರುವುದರಿಂದ ತಾಯಿಯವರು ನಿಶ್ಚಿಂತೆಯಿಂದ ನಡೆಯಬಹುದು. ಫಿಲೆಗೆ ಸಣ್ಣ ದೋಣಿಯನ್ನು ಹತ್ತಿ ಇಳಿಯಬೇಕು; ಕೈಹಿಡಿಯುವವರು ಇಬ್ಬರಿರಲಿ. ಅಕ್ಟೋಬರಿನಿಂದ ಏಪ್ರಿಲಿನೊಳಗೆ ಹೋಗುವುದು ಯುಕ್ತ. ಬೇಸಿಗೆಯಲ್ಲಿ ಆಸ್ವಾನಿನ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ.

ಆಹಾರದ ಚಿಂತೆ ನಮ್ಮ ಮನೆಗಳಲ್ಲಿ ಸಹಜ. ಅಕ್ಕಿ, ಬೇಳೆ, ಶಾವಿಗೆಯಂಥ ಪದಾರ್ಥಗಳಿಗೆ ಟೊಮ್ಯಾಟೊ ಸಾರು, ಹುರಿದ ಈರುಳ್ಳಿ ಸೇರಿಸಿದ ‘ಕೋಶರಿ’, ಬೇಯಿಸಿದ ಕಾಳಿನ ‘ಫೂಲ್’, ಅದೇ ಕಾಳನ್ನು ರುಬ್ಬಿ ಕರಿದ ವಡೆಯಂತಹ ‘ತಾಮೆಯಾ’, ‘ಐಶ್ ಬಲದಿ’ ಎಂಬ ರೊಟ್ಟಿ ಇವು ಎಲ್ಲೆಡೆ ದೊರೆಯುತ್ತವೆ. ‘ಮುಲೂಖಿಯಾ’ ಎಂಬ ಸೊಪ್ಪಿನ ಸಾರನ್ನು ಮಾತ್ರ ಮಾಂಸದ ರಸದಲ್ಲಿ ಕುದಿಸುವುದು ರೂಢಿ, ಕೇಳದೆ ಮುಟ್ಟಬಾರದು. ಮಾಂಸ ಬೇಡವೆಂದರೆ ಕೋಳಿ, ಮೀನು ಆಗಬಹುದೆಂದು ತಿಳಿಯುವವರುಂಟು. ಆದ್ದರಿಂದ ‘ಲಹ್ಮ’, ‘ಫಿರಾಖ್’, ‘ಸಮಕ್’ ಮೂರನ್ನೂ ಹೆಸರಿಸಿ ನಿರಾಕರಿಸಬೇಕು. ಮೊಟ್ಟೆಗೆ ಅವರ ಆಡುಮಾತಿನಲ್ಲಿ ‘ಬೇಡ್’ ಎನ್ನುತ್ತಾರೆ. ಕನ್ನಡಿಗರಿಗೆ ಇದು ಮರೆಯುವಂತಿಲ್ಲ. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಉಪವಾಸವ್ರತ ಹಿಡಿದು ಮಾಂಸ, ಹಾಲು, ಮೊಟ್ಟೆಗಳನ್ನು ತೊರೆಯುತ್ತಾರೆ. ಅಂಥ ಊಟಕ್ಕೆ ‘ಸಿಯಾಮಿ’ ಎಂದು ಹೆಸರು. ಆ ಒಂದು ಶಬ್ದದಿಂದ ಅಡುಗೆಯವರಿಗೆ ಬಹಳಷ್ಟು ಅರ್ಥವಾಗುತ್ತದೆ. ಕೆಲವು ವ್ರತಗಳಲ್ಲಿ ಮೀನಿಗೆ ಅನುಮತಿಯಿರುವುದರಿಂದ ಅದನ್ನು ಬೇರೆಯಾಗಿ ಹೇಳಬೇಕು. ಅಬು ಸಿಂಬೆಲಿಗೆ ನಸುಕಿನಲ್ಲಿ ಹೊರಡುವುದು ವಾಡಿಕೆಯಾದ್ದರಿಂದ, ಪೂಜೆ ಮಾಡದೆ ಆಹಾರ ಮುಟ್ಟದವರು ಎಷ್ಟು ಹೊತ್ತಿಗೆ ಏಳಬೇಕೆಂಬುದನ್ನು ಹಿಂದಿನ ರಾತ್ರಿಯೇ ನಿಶ್ಚಯಿಸಲಿ. ನಮ್ಮ ‘ಬಕ್ಷೀಸು’ ಅಲ್ಲಿಯೂ ಅದೇ ಹೆಸರಿನಲ್ಲಿದೆ. ಅದಕ್ಕೆ ಚಿಲ್ಲರೆ ನೋಟುಗಳನ್ನೂ, ಅನೇಕ ಕಡೆ ಟಿಕೀಟಿಗೆ ನಗದು ಸ್ವೀಕರಿಸದ ಕಾರಣ ಬ್ಯಾಂಕಿನ ಕಾರ್ಡನ್ನೂ ಇಟ್ಟುಕೊಳ್ಳಬೇಕು.

ಕೊನೆಯದಾಗಿ ಒಂದು ವಿಷಯ. ಆಸ್ವಾನಿನ ಮೇಲ್ಗಡೆ 1960ರಿಂದ 1970ರವರೆಗೆ ಮಹಾ ಅಣೆಕಟ್ಟನ್ನು ಕಟ್ಟಿದಾಗ ನ್ಯೂಬಿಯಾ ಪ್ರದೇಶದ ದೇವಾಲಯಗಳು ಮುಳುಗುವಂತಾದವು. ಯುನೆಸ್ಕೋ ಸಂಸ್ಥೆಯ ಕರೆಗೆ ಜಗತ್ತು ಓಗೊಟ್ಟಿತು. ಅಬು ಸಿಂಬೆಲಿನ ಗುಡಿಗಳನ್ನು 1964ರಿಂದ 1968ರೊಳಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಕೊಯ್ದು, ಸುಮಾರು 65 ಮೀಟರು ಮೇಲಕ್ಕೆ ಒಯ್ದು ಮತ್ತೆ ಜೋಡಿಸಿದರು. ಫಿಲೆಯ ದೇವಾಲಯವನ್ನು ಪಕ್ಕದ ಅಗಿಲ್ಕಿಯಾ ದ್ವೀಪಕ್ಕೆ ಸಾಗಿಸಿ 1980ರಲ್ಲಿ ತೆರೆದರು. ಭಾರತದಿಂದಲೂ ಬಿ. ಬಿ. ಲಾಲ್ ಅವರ ನೇತೃತ್ವದ ಪುರಾತತ್ತ್ವ ತಂಡ 1961-62ರಲ್ಲಿ ನ್ಯೂಬಿಯಾದ ಅಫಿಯೆ ಎಂಬಲ್ಲಿ ಉತ್ಖನನ ನಡೆಸಿತು. ಇದೆಲ್ಲವನ್ನೂ ಮಾರ್ಗದರ್ಶಿಗಳು ಉತ್ಸಾಹದಿಂದ ಹೇಳುತ್ತಾರೆ. ಅದೇ ನೀರಿನಲ್ಲಿ ಮನೆ, ತೋಟ, ಹಿರಿಯರ ಸಮಾಧಿಗಳನ್ನು ಕಳೆದುಕೊಂಡು 1963-64ರಲ್ಲಿ ಸುಮಾರು 50,000 ಮಂದಿ ಈಜಿಪ್ಟಿನ ನ್ಯೂಬಿಯನ್ನರು ಕೋಮ್ ಓಂಬೊ ಪ್ರದೇಶದ ಹೊಸ ಊರುಗಳಿಗೆ ಸ್ಥಳಾಂತರಗೊಂಡದ್ದನ್ನು ಹೇಳುವವರು ಕಡಿಮೆ. ಅಷ್ಟೇ ಸಂಖ್ಯೆಯ ಜನ ಗಡಿಯಾಚೆ ಸೂಡಾನಿನಲ್ಲಿಯೂ ಎದ್ದುಹೋಗಬೇಕಾಯಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟ ನಮ್ಮ ಓದುಗರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಆಸ್ವಾನಿನಲ್ಲಿ ಉಳಿಯುವ ಆ ಎಂಟನೆಯ ದಿನದ ಸಂಜೆ, ಕಾಲು ಒಪ್ಪಿದರೆ, ಅಲ್ಲಿನ ನ್ಯೂಬಿಯಾ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಿರಿ. ಅಲ್ಲಿ ಅರಸರ ಪ್ರತಿಮೆಗಳ ಜೊತೆಗೆ ಆ ಜನರ ಮನೆವಾರ್ತೆಯ ಚಿತ್ರವೂ ಇದೆ. ಮರುದಿನ ಅಬು ಸಿಂಬೆಲಿನ ನಾಲ್ಕು ಮಹಾಮೂರ್ತಿಗಳ ಎದುರಿಗೆ ನಿಂತಾಗ, ಬೆನ್ನ ಹಿಂದಿನ ಸರೋವರದ ತಳದಲ್ಲಿ ಏನಿತ್ತೆಂಬುದು ಮನಸ್ಸಿನಲ್ಲಿರುತ್ತದೆ. ಪತ್ರ ಬರೆದ ಮಗನಿಗೆ ನನ್ನ ಸಲಹೆ ಇಷ್ಟೆ: ಹಡಗಿನ ಕೋಣೆಯನ್ನು ಕಾಯ್ದಿರಿಸುವ ಮೊದಲು ತಾಯಿಯವರ ವೈದ್ಯರನ್ನು ಕಾಣಿರಿ, ಪಟ್ಟಿಯನ್ನು ತಂದೆಯವರ ಮುಂದಿಟ್ಟು ಬಿಡಬೇಕಾದುದನ್ನು ಅವರಿಂದಲೇ ಗುರುತುಮಾಡಿಸಿರಿ. ಯಾತ್ರೆ ಸುಖಕರವಾಗಲಿ. ಮರಳಿ ಬಂದ ಮೇಲೆ ತಂದೆಯವರೇ ನಾಲ್ಕು ಸಾಲು ಬರೆದರೆ ಈ ಪುಟದಲ್ಲಿ ಸಂತೋಷದಿಂದ ಸ್ಥಳ ಕೊಡುತ್ತೇವೆ.