ಯಾರ ಹೆಸರಿಗೆ ಕಲ್ಲು, ಯಾರ ಹೆಸರಿಗೆ ಹೊಲ?

ಹುನಗುಂದ ತಾಲೂಕಿನ ಐಹೊಳೆಯಲ್ಲಿ ಮೇಗುತಿ ಗುಡಿಯ ಗೋಡೆ ನೋಡಿ. 634ರ ಶಾಸನ. ದಂಡು ಗೆದ್ದ ಪುಲಿಕೇಶಿಯ ಹೆಸರಿದೆ, ಹೊಗಳಿದ ರವಿಕೀರ್ತಿಯ ಹೆಸರಿದೆ. ಬಾದಾಮಿಯಿಂದ ಈಟಿ ಹೊತ್ತು ನಡೆದವರ ಹೆಸರು? ಇಲ್ಲ. ಕಲ್ಲಿಗೇನು ಬರವಿರಲಿಲ್ಲ. ಇವತ್ತಿಗೂ ಇಲ್ಲ, ಇಲಕಲ್ಲಿನ ಕೆಂಪು ಗ್ರಾನೈಟು ಹಡಗು ಹತ್ತಿ ಪರದೇಶಕ್ಕೆ ಹೋಗ್ತದ.

ಮಹಾಯುದ್ಧದ ಕಾಲಕ್ಕೂ ಈ ಚಾಳಿ ಬಿಡಲಿಲ್ಲ. ಬಾಗಲಕೋಟೆ ಸೀಮೆಯೆಲ್ಲ ಆಗ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಮರಾಠಿಯಲ್ಲಿ ಮಹಾರ ಅಂದರೆ ನಮ್ಮಲ್ಲಿ ಹೊಲೆಯ. ಕೇರಿ ಒಂದೇ, ವತನದ ಚಾಕರಿ ಒಂದೇ. ಕಂಪನಿ ಸರಕಾರದ ದಂಡಿನಲ್ಲಿ ರಕ್ತ ಸುರಿಸಿದ ಮಹಾರರಿಗೆ 1890ರ ದಶಕದಲ್ಲಿ ಬಿಳಿಯ ಸಾಹೇಬ, ನೀವು ಕಾದಾಡುವ ಜಾತಿಯಲ್ಲ ಅಂತ ಬಾಗಿಲು ಹಾಕಿದ. ಮನುವಿನ ಪಾಠ ಅವನಿಗೂ ರುಚಿಸಿತ್ತು! ಮೊದಲ ಮಹಾಯುದ್ಧದಲ್ಲಿ ಆಳು ಸಾಲದಾದಾಗ, 1917ರಲ್ಲಿ, ಅದೇ ಸಾಹೇಬ 111ನೇ ಮಹಾರ ಪಲ್ಟಣ ಕಟ್ಟಿದ. ಕೆಲಸ ತೀರಿತು, 1921ರಲ್ಲಿ ಬರಖಾಸ್ತು. ಎರಡನೇ ಯುದ್ಧ ಬಂತು. ಅಂಬೇಡ್ಕರ್ ಪಟ್ಟು ಹಿಡಿದರು. 1941ರ ಅಕ್ಟೋಬರಿನಲ್ಲಿ ನಮ್ಮ ಮಗ್ಗುಲ ಬೆಳಗಾವಿಯಲ್ಲೇ ಮಹಾರ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿತು.

ಗುಂಡಿಗೆ ಎದೆ ಕೊಡೋವಾಗ ಮೈಲಿಗೆ ಇಲ್ಲ; ಬಾವಿಗೆ ಕೊಡ ಇಳಿಸೋವಾಗ ಅದೆಲ್ಲಿಂದ ಬರ್ತದ?

ಪಂಜಾಬಿನ ಕಾಲುವೆ ಸೀಮೆಯಲ್ಲಿ ಸರಕಾರ ‘ವೀರ ಜಾತಿ’ಯ ಸಿಪಾಯಿಗಳಿಗೆ ನೀರಾವರಿ ಹೊಲ ಹಂಚಿತು. ಇಲ್ಲಿ ಕೇರಿಗೆ ಉಳಿದದ್ದು ಅದೇ ವತನ: ಸಾಹೇಬರ ಗಂಟು ಹೊರು, ಸತ್ತ ದನ ಎಳೆ. 1961ರ ಗ್ರಾಮ ಹುದ್ದೆ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬರೋ ತನಕ ಈ ಬಿಟ್ಟಿಗೆ ಸರಕಾರದ ಮುದ್ರೆಯೇ ಇತ್ತು.

ಇದು ನಮ್ಮೊಬ್ಬರ ಪಾಡೂ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಲವೆಟ್ ಮನೆತನದ ಅಣ್ಣತಮ್ಮಂದಿರು ಐದು ಮಂದಿ, ಆಲ್ಫ್ರೆಡ್, ಲಿಯೊನಾರ್ಡ್, ಫ್ರೆಡರಿಕ್, ಎಡ್ವರ್ಡ್, ಹರ್ಬರ್ಟ್, ಮೊದಲ ಮಹಾಯುದ್ಧಕ್ಕೆ ಹೋದರು. ಐವರೂ ಜೀವಂತ ಬಂದರು. ನಾಲ್ವರು ಎರಡನೆಯದಕ್ಕೂ ಹೋದರು. ಆಮೇಲೆ ಅವರ ಹಿರಿಯರ ನೆಲ, ಲೇಕ್ ಕೊಂಡಾ, ತುಂಡು ತುಂಡಾಗಿ ಮಾಜಿ ಸೈನಿಕರಿಗೆ ಹಂಚಿಕೆಯಾಯಿತು. ಬಿಳಿಯ ಸೈನಿಕರಿಗೆ! ಹರ್ಬರ್ಟ್ ಅರ್ಜಿ ಹಾಕಿದ, ಇಲ್ಲ ಅಂದರು. 2000ದಲ್ಲಿ ಕ್ಯಾನ್‌ಬೆರಾದ ಎತ್ತರದ ಕಟ್ಟಡವೊಂದಕ್ಕೆ ಲವೆಟ್ ಹೆಸರಿಟ್ಟರು. ಹೊಲ ಕೇಳಿದವನು ಅಷ್ಟೊತ್ತಿಗೆ ಮಣ್ಣಾಗಿದ್ದ.

ಆಗಸ್ಟ್ 15ಕ್ಕೆ ಮಕ್ಕಳ ಕೈಲಿ ಜೈಕಾರ ಹಾಕಿಸುವ ಮಾಸ್ತರರೇ, ಒಂದು ದಿನ ಕೇರಿಗೆ ಹೋಗಿ. ಟ್ರಂಕಿನ ತಳದಲ್ಲಿ ಅಜ್ಜನ ಪದಕ, ಪಿಂಚಣಿ ಪುಸ್ತಕ ಏನಾದರೂ ಐತೇನು ಅಂತ ಕೇಳಿ. ಹೆಸರು ಬರೆದುಕೊಳ್ಳಿ. ಹಾಗೇ ತಹಶೀಲದಾರ ಕಚೇರಿಗೆ ನಡೆಯಿರಿ. ಆ ಮನೆತನದ ಹೆಸರಲ್ಲಿ ಎಷ್ಟು ಎಕರೆ ಐತಿ ಅಂತ ಉತಾರ ತೆಗೆಸಿ. ಎರಡೂ ಕಾಗದ ಜೋಡಿಸಿ ಶಾಲೆಯ ನೋಟೀಸ್ ಬೋರ್ಡಿಗೆ ಅಂಟಿಸಿ.