ಕಣ್ಣಿನ ನೆರೆಯ ಜೀವಿಗಳು ಮತ್ತು ಹನಿಮದ್ದು

ಮನೆಯಲ್ಲಿ ಯಾರಿಗಾದರೂ ಕಣ್ಣು ಕೆಂಪಾದೊಡನೆ, ಹಿಂದೆಂದೋ ತಂದು ಉಳಿಸಿದ ಹನಿಮದ್ದಿನ ಸೀಸೆಯನ್ನು ಹುಡುಕುವುದು ಹಲವು ಕುಟುಂಬಗಳ ರೂಢಿ. 'ಎರಡು ಹನಿ ಬಿಟ್ಟರೆ ನಷ್ಟವೇನು?' ಎಂದು ಕೇಳುವವರುಂಟು. ನಷ್ಟವುಂಟು. ಅದು ಏನೆಂದು ತಿಳಿಯಬೇಕಾದರೆ, ಆರೋಗ್ಯವಂತರ ಕಣ್ಣಿನ ಮೇಲೆಯೇ ವಾಸಿಸುವ ಸೂಕ್ಷ್ಮಜೀವಿಗಳ ವಿಚಾರವನ್ನು ಮೊದಲು ಅರಿಯಬೇಕು.

ರೆಪ್ಪೆಯ ಅಂಚಿನಲ್ಲಿಯೂ ಬಿಳಿಗುಡ್ಡೆಯನ್ನು ಹೊದೆದಿರುವ ತೆಳುಪದರದ ಮೇಲೆಯೂ ಅಲ್ಪ ಸಂಖ್ಯೆಯಲ್ಲಿ ಬ್ಯಾಕ್ಟೀರಿಯಗಳು ಇರುತ್ತವೆ. ಇವುಗಳಲ್ಲಿ ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಎಂಬುದು ಪ್ರಮುಖವಾದುದು. ಕಾರಿನಿಬ್ಯಾಕ್ಟೀರಿಯಂ ಮೊದಲಾದವೂ ಉಂಟು. ಚರ್ಮದ ಮೇಲೆ ವಾಸಿಸುವ ಜೀವಿಗಳೇ ಇವು. ರೆಪ್ಪೆಯ ಮಿಟುಕು ಹಾಗೂ ಕಣ್ಣೀರು ಇವನ್ನು ಮಿತಿಯಲ್ಲಿಡುತ್ತವೆ. ಬ್ಯಾಕ್ಟೀರಿಯಗಳನ್ನು ಕರಗಿಸಬಲ್ಲ ಲೈಸೊಜೈಮ್ ಎಂಬ ಕಿಣ್ವವು ಕಣ್ಣೀರಿನಲ್ಲಿದೆಯೆಂಬುದನ್ನು, ಮುಂದೆ 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1922ರಲ್ಲಿ ಪ್ರಕಟಿಸಿದ್ದರು.

ಹೊರಗಿರುವಾಗ ನಿರುಪದ್ರವಿಗಳಾದ ಈ ಜೀವಿಗಳು ಕಣ್ಣಿನ ಒಳಗೆ ಸೇರಿದರೆ ಅಪಾಯಕಾರಿ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಅಪರೂಪಕ್ಕೆ ಕಣ್ಣಿನೊಳಗೆ ಕೀವುಂಟಾಗಿ ದೃಷ್ಟಿಯೇ ಹೋಗಬಹುದು. ಅಂತಹ ರೋಗಿಗಳ ಕಣ್ಣಿನೊಳಗೆ ದೊರೆತ ಬ್ಯಾಕ್ಟೀರಿಯಗಳು ಬಹುಪಾಲು ಅವರವರ ರೆಪ್ಪೆ ಮತ್ತು ಕಣ್ಣಿನ ಮೇಲ್ಮೈಯಲ್ಲಿದ್ದವೇ ಎಂಬುದು 1991ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು.

ಯಾವ ಪ್ರತಿಜೈವಿಕ ಔಷಧಕ್ಕೆ, ಅಂದರೆ ಆಂಟಿಬಯಾಟಿಕ್‌ಗೆ, ಈ ಜೀವಿಗಳು ಮಣಿಯುತ್ತವೆಂಬುದನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುತ್ತಾರೆ. ಪೋಷಕಾಂಶವುಳ್ಳ ತಟ್ಟೆಯ ಮೇಲೆ ಬ್ಯಾಕ್ಟೀರಿಯವನ್ನು ಸವರಿ, ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ಇರಿಸುತ್ತಾರೆ. ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ವರ್ತುಲವು ಸಾಕಷ್ಟು ಅಗಲವಾಗಿದ್ದರೆ ಔಷಧವು ಫಲಕಾರಿಯೆಂದು ತಿಳಿಯಬೇಕು. ಬಿಲ್ಲೆಯ ಅಂಚಿನವರೆಗೂ ಬೆಳೆ ಹಬ್ಬಿದ್ದರೆ ಆ ಔಷಧ ಅಲ್ಲಿ ನಿಷ್ಫಲ.

ಹನಿಮದ್ದನ್ನು ಪದೇಪದೇ ಬಿಟ್ಟಾಗ ಮಣಿಯುವ ಜೀವಿಗಳು ಅಳಿದು, ಮಣಿಯದವು ಉಳಿದು ವೃದ್ಧಿಯಾಗುತ್ತವೆ. ಅಕ್ಷಿಪಟಲದ ರೋಗಕ್ಕಾಗಿ ಕಣ್ಣಿಗೆ ಚುಚ್ಚುಮದ್ದು ಪಡೆಯುತ್ತಿದ್ದವರಲ್ಲಿ ಇದು ಸ್ಪಷ್ಟವಾಗಿ ಕಂಡುಬಂದಿತು. ಪ್ರತಿ ಬಾರಿಯೂ ಪ್ರತಿಜೈವಿಕ ಹನಿಗಳನ್ನು ಬಳಸಿದವರ ಕಣ್ಣಿನಲ್ಲಿ ಔಷಧಕ್ಕೆ ಜಗ್ಗದ ಸ್ಟೆಫೈಲೊಕಾಕಸ್‌ಗಳು ಹೆಚ್ಚಿದವು. ಆದುದರಿಂದ ಅನೇಕ ವೈದ್ಯರು ಆ ರೂಢಿಯನ್ನು ಕೈಬಿಟ್ಟು, ಪೊವಿಡೋನ್ ಅಯೋಡಿನ್ ದ್ರಾವಣದಿಂದ ಕಣ್ಣನ್ನು ಶುದ್ಧಿಗೊಳಿಸುವುದನ್ನೇ ನೆಚ್ಚಿದ್ದಾರೆ.

ಪೊರೆಯ ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣಿನೊಳಗೆ ಮಾಕ್ಸಿಫ್ಲಾಕ್ಸಸಿನ್ ಔಷಧವನ್ನು ಸೇರಿಸುವುದರಿಂದ ಸೋಂಕು ಬಹಳ ಮಟ್ಟಿಗೆ ಇಳಿಯುವುದೆಂದು ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳು 6 ಲಕ್ಷಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳ ಆಧಾರದಿಂದ 2017ರಲ್ಲಿ ತೋರಿಸಿದವು. ಅಂಗಡಿಯಿಂದ ನಾವು ಕೇಳಿ ತರುವ ಹನಿಮದ್ದುಗಳಲ್ಲಿ ಹಲವು ಇದೇ ಗುಂಪಿಗೆ ಸೇರಿದವು. ಇಂದು ಅನಗತ್ಯವಾಗಿ ಬಿಟ್ಟ ಹನಿಯು, ನಾಳೆ ಮನೆಯ ಅಜ್ಜಿಯ ಕಣ್ಣಿಗೆ ಬೇಕಾಗುವ ಔಷಧದ ಶಕ್ತಿಯನ್ನೇ ಕುಂದಿಸಬಹುದು.

2023ರ ಮಳೆಗಾಲದಲ್ಲಿ ನಮ್ಮ ನಾಡಿನಲ್ಲಿ ಹರಡಿದ 'ಮದ್ರಾಸ್ ಐ' ಬೇನೆಯನ್ನು ಓದುಗರು ಮರೆತಿರಲಾರರು. ಇಂತಹ ಬೇನೆ ಸಾಮಾನ್ಯವಾಗಿ ವೈರಸ್ಸಿನಿಂದ ಬರುವಂತಹುದು. ಪ್ರತಿಜೈವಿಕಗಳು ವೈರಸ್ಸನ್ನು ಕೊಲ್ಲಲಾರವು. ಕೈಗಳನ್ನು ಸೋಪಿನಿಂದ ತೊಳೆಯುವುದು, ಟವೆಲನ್ನು ಪ್ರತ್ಯೇಕವಾಗಿಡುವುದು, ಕಣ್ಣನ್ನು ಉಜ್ಜದಿರುವುದು, ಇವೇ ಮುಖ್ಯ ಉಪಚಾರಗಳು. ನೋವು, ದೃಷ್ಟಿ ಮಂದವಾಗುವುದು, ಬೆಳಕನ್ನು ಸಹಿಸಲಾಗದಿರುವುದು, ಹೆಚ್ಚು ಕೀವು ಕಂಡರೆ, ಹಸುಗೂಸಿನ ಕಣ್ಣು ಕೆಂಪಾದರೆ, ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ವೈದ್ಯರು ಬರೆದುಕೊಟ್ಟ ಹನಿಮದ್ದನ್ನು ಹೇಳಿದಷ್ಟು ದಿನ ತಪ್ಪದೆ ಬಿಡಬೇಕು. ಅನಂತರ ಉಳಿದುದನ್ನು ಮುಂದಿನ ಬಾರಿಗೆಂದು ಕಾದಿರಿಸದೆ ಎಸೆದುಬಿಡುವುದು ಲೇಸು.